ಮಿದುಳಿನ ನಡುಮನೆ

ನಾಲ್ಕು ವರ್ಷಗಳ ಹಿಂದೆ, ಯುಗಾದಿ ಕಳೆದ ವಾರದಲ್ಲಿ, ಗದಗಿನಿಂದ ಪುಣೆಗೆ ಬಂದು ನಮ್ಮೊಡನೆ ನೆಲೆಸಿದ್ದ ತಾಯಿಯವರಿಗೆ ಎಡಮೈಗೆ ಲಕ್ವ ಹೊಡೆಯಿತು. ಆಘಾತ ಸಣ್ಣದು ಎಂದರು ವೈದ್ಯರು. ಹದಿನೈದು ದಿನಗಳಲ್ಲಿ ಅವ್ವ ಗೋಡೆ ಹಿಡಿದು ನಡೆದರು, ತಿಂಗಳೊಳಗೆ ತಾವೇ ಚಹಾ ಸೋಸಿಕೊಂಡರು. ಮನೆಮಂದಿ ದೇವರಿಗೆ ಕೈಮುಗಿದೆವು. ಆದರೆ ಆಷಾಢದ ಹೊತ್ತಿಗೆ ಬೇರೊಂದು ಕಾಟ ಶುರುವಾಯಿತು. ಎಡಗೆನ್ನೆ, ಎಡಗೈ, ಎಡಗಾಲು ಉರಿಯತೊಡಗಿದವು. ಸೀರೆಯ ಸೆರಗು ತಾಕಿದರೆ ಅವರು ಬೆಚ್ಚಿಬೀಳುತ್ತಿದ್ದರು. "ತಣ್ಣೀರು ಮುಟ್ಟಿದ್ರ ಕೆಂಡ ಮುಟ್ಟಿದಂಗ ಆಗತದೋ" ಎನ್ನುತ್ತಿದ್ದರು. ಭಾದ್ರಪದದಲ್ಲಿ ನಮ್ಮ ಬೀದಿಗೆ ಢೋಲ್-ತಾಶಾ ತಂಡಗಳು ಬಂದಾಗ ಅವರು ಎಡಗಿವಿ ಮುಚ್ಚಿಕೊಂಡು ಒಳಕೋಣೆ ಸೇರಿದರು. ಆ ಬಡಿತ ಎಡಮೈಗೆ ಮಾತ್ರ ಬಂದು ಬಡಿಯುತ್ತದೆ ಎಂದರು. ಆ ಮಾತನ್ನು ನಾವು ನಂಬಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಸದ್ದು ಎಂದಾದರೂ ಅರ್ಧ ಮೈಗೆ ತಾಕೀತೇ?

ನಾವು ಮೊದಲು ಕಂಡ ವೈದ್ಯರು ಮರಾಠಿಯಲ್ಲಿ "ಆಗ ಹೋತೆ ಕಾ?" ಎಂದು ಕೇಳಿದರು. ಮರಾಠಿಯಲ್ಲಿ 'ಆಗ' ಎಂದರೆ ಉರಿ. ಅವ್ವನಿಗೆ ಕನ್ನಡದ 'ಆಗ'ವೇ ಕೇಳಿಸಿತು. "ಆಗ ಅಲ್ಲ, ಈಗ" ಎಂದು ಅವರು ಉತ್ತರಿಸಿದರು. ನಾವು ನಕ್ಕು, ಆಮೇಲೆ ತಿದ್ದಿ ಹೇಳಿದೆವು. ವೈದ್ಯರು ಹಳೆಯ ಸ್ಕ್ಯಾನ್ ನೋಡಿ, ಗಾಯ ಮಾಗಿದೆ, ಇನ್ನುಳಿದದ್ದು ಮನಸ್ಸಿನದು, ವಯಸ್ಸಾದವರನ್ನು ಒಂಟಿಯಾಗಿ ಬಿಡಬೇಡಿ ಎಂದು ಬುದ್ಧಿ ಹೇಳಿ ಕಳಿಸಿದರು. ಮುಂದಿನ ಐದು ತಿಂಗಳು ಅವ್ವ ಉರಿಯ ಮಾತನ್ನೇ ನಿಲ್ಲಿಸಿಬಿಟ್ಟರು. ಉರಿ ನಿಂತಿರಲಿಲ್ಲ. ಹೇಳಿದರೆ ಪ್ರಯೋಜನವಿಲ್ಲ ಎಂದು ಅವರಿಗೆ ಮನವರಿಕೆಯಾಗಿತ್ತು, ಅಷ್ಟೆ.

ಎರಡನೆಯ ವೈದ್ಯರು, ನರತಜ್ಞರು, ಅದೇ ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಲ ಮಿದುಳಿನ ನಡುವೆ ಇದ್ದ, ಹೆಸರುಕಾಳಿನಷ್ಟು ಸಣ್ಣ ಮಚ್ಚೆಯೊಂದನ್ನು ತೋರಿಸಿದರು. "ಇದು ಥಲಾಮಸ್. ತಾಯಿಯವರು ಹೇಳುತ್ತಿರುವುದು ಅಕ್ಷರಶಃ ನಿಜ" ಎಂದರು. ಅಂದಿನಿಂದ ಈ ಥಲಾಮಸ್ ಎಂಬುದರ ಬೆನ್ನು ಹತ್ತಿ ನಾವು ಓದಿದ್ದನ್ನು, ಊರಿನಿಂದ ದೂರವಿರುವ ನಮ್ಮಂಥ ಮನೆಗಳವರೊಡನೆ ಹಂಚಿಕೊಳ್ಳುವ ಪ್ರಯತ್ನವಿದು. ಈ ಚರಿತ್ರೆಯ ಕೆಲವು ಮುಖ್ಯ ಪುಟಗಳು ನಮ್ಮ ಬೆಂಗಳೂರಿನಲ್ಲೇ ಬರೆಯಲ್ಪಟ್ಟಿವೆ ಎಂಬುದು ಓದುತ್ತಾ ಹೋದಂತೆ ತಿಳಿದ ಸಂಗತಿ.

'ಥಲಮೋಸ್' ಎಂಬುದು ಗ್ರೀಕ್ ಪದ. ಮನೆಯ ಒಳಕೋಣೆ, ವಧೂವರರ ಶಯ್ಯಾಗೃಹ ಎಂದು ಅದರ ಅರ್ಥ. ಎರಡನೆಯ ಶತಮಾನದ ವೈದ್ಯ ಗ್ಯಾಲೆನ್ ಈ ಪದವನ್ನು ಮಿದುಳಿನ ವರ್ಣನೆಗೆ ತಂದನು. ನಮ್ಮ ಊರ ಕಡೆಯ ಹಳೆಯ ಮನೆಗಳನ್ನು ನೆನೆದರೆ ಇದಕ್ಕೆ 'ನಡುಮನೆ' ಎಂಬ ಹೆಸರೇ ಹೆಚ್ಚು ಒಪ್ಪುತ್ತದೆ ಎಂದು ನಮಗೆ ತೋರುತ್ತದೆ. ಪಡಸಾಲೆಯಿಂದ ಅಡಿಗೆಮನೆಗಾಗಲಿ, ದೇವರಕೋಣೆಗಾಗಲಿ, ಹಿತ್ತಿಲಿಗಾಗಲಿ ಹೋಗುವವರು ನಡುಮನೆಯನ್ನು ಹಾಯ್ದೇ ಹೋಗಬೇಕು. ಸುಲಿದ ಅಡಿಕೆಗಿಂತ ತುಸು ದೊಡ್ಡದಾದ, ಸುಮಾರು 3 ಸೆಂಟಿಮೀಟರ್ ಉದ್ದದ ಎರಡು ಬೂದುಬಣ್ಣದ ಗಂಟುಗಳು, ಮಿದುಳಿನ ನಟ್ಟನಡುವೆ, ಎಡಕ್ಕೊಂದು ಬಲಕ್ಕೊಂದು ಕುಳಿತಿವೆ. ಕಣ್ಣು ಕಂಡದ್ದು, ಕಿವಿ ಕೇಳಿದ್ದು, ಚರ್ಮ ಮುಟ್ಟಿದ್ದು, ನಾಲಿಗೆ ಸವಿದದ್ದು ಎಲ್ಲವೂ ಇಲ್ಲಿಗೆ ಬಂದು, ಇಲ್ಲಿಂದ ಮಿದುಳಿನ ಹೊರಪದರಕ್ಕೆ ಹೋಗುತ್ತವೆ. ಮೂಗೊಂದೇ ಇದಕ್ಕೆ ಹೊರತು; ವಾಸನೆ ನಡುಮನೆಯನ್ನು ಹಾಯದೆಯೇ ನೇರವಾಗಿ ಹೊರಪದರವನ್ನು ಮುಟ್ಟಬಲ್ಲದು.

ಸರಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ಆವಕ-ಜಾವಕ ವಿಭಾಗದ ಹೋಲಿಕೆ ಸಹಜವಾಗಿ ಹೊಳೆಯಿತು. ಥಲಾಮಸ್ಸನ್ನು ಬಹುಕಾಲ ವಿಜ್ಞಾನಿಗಳೂ ಹಾಗೆಯೇ ಬಗೆದಿದ್ದರು: ಬಂದ ಟಪಾಲಿಗೆ ಮುದ್ರೆಯೊತ್ತಿ ಮುಂದಿನ ಮೇಜಿಗೆ ಕಳಿಸುವ ಗುಮಾಸ್ತ. ಆದರೆ ಹೊರಪದರದಿಂದ ಥಲಾಮಸ್ಸಿಗೆ ಹಿಂದಿರುಗುವ ನರತಂತುಗಳು ಇಂದ್ರಿಯಗಳಿಂದ ಬರುವ ತಂತುಗಳಿಗಿಂತ ಎಷ್ಟೋ ಪಾಲು ಹೆಚ್ಚು ಎಂಬುದು ಇಂದು ತಿಳಿದಿದೆ. ಯಾವ ಕಾಗದ ಮೇಲೆ ಹೋಗಬೇಕು, ಯಾವುದು ಕಾಯಬೇಕು ಎಂಬ ವಿಂಗಡಣೆಯೂ ಇಲ್ಲಿಯೇ ನಡೆಯುತ್ತದೆ. ನಿದ್ದೆ ಬಂದಾಗ ಹೊರಗಿನ ಸದ್ದನ್ನು ತಡೆದು ನಿಲ್ಲಿಸುವುದರಲ್ಲಿ ಇದರ ಪಾತ್ರ ದೊಡ್ಡದು. ಗುಮಾಸ್ತನ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆ ಎಂಬುದು ಕಚೇರಿ ಕಂಡವರಿಗೆಲ್ಲ ಗೊತ್ತು. ಗುಮಾಸ್ತ ಹಾಸಿಗೆ ಹಿಡಿದಾಗಲೇ ಅದು ಪೂರ್ತಿಯಾಗಿ ಕಾಣುತ್ತದೆ.

ಅವ್ವನ ಉರಿಗೆ ಶಾಸ್ತ್ರದಲ್ಲಿ ಹೆಸರು ಸಿಕ್ಕಿದ್ದು 1906ರಲ್ಲಿ. ಪ್ಯಾರಿಸ್ಸಿನ ಜೂಲ್ ದೆಜೆರಿನ್ ಮತ್ತು ಗುಸ್ತಾವ್ ರೂಸಿ ಎಂಬ ವೈದ್ಯರು, ಸಣ್ಣ ಲಕ್ವದ ನಂತರ ಮೈಯ ಒಂದು ಪಕ್ಕದಲ್ಲಿ ಸ್ಪರ್ಶ ಮಂಕಾಗಿ, ಅದೇ ಪಕ್ಕದಲ್ಲಿ ತಡೆಯಲಾರದ ನೋವು ಹುಟ್ಟುವ ರೋಗಿಗಳನ್ನು ವಿವರಿಸಿ, ಅವರ ಮರಣಾನಂತರ ಮಿದುಳನ್ನು ಪರೀಕ್ಷಿಸಿ, ಗಾಯವಿದ್ದದ್ದು ಥಲಾಮಸ್ಸಿನಲ್ಲಿ ಎಂದು ತೋರಿಸಿದರು. ಇದಕ್ಕೆ 'ಥಲಾಮಸ್ ಲಕ್ಷಣಕೂಟ' ಎಂದು ಹೆಸರಿಟ್ಟರು. ಮುಟ್ಟಿದ್ದು ಸರಿಯಾಗಿ ತಿಳಿಯದ ಜಾಗವೇ ಹೆಚ್ಚು ನೋಯುತ್ತದೆ ಎಂಬ ಈ ವಿರೋಧಾಭಾಸವೇ ರೋಗದ ಗುರುತು. ನೋವು ವಾರಗಳ, ತಿಂಗಳುಗಳ ನಂತರ ಬರುವುದೂ ವಾಡಿಕೆ. ಗಾಯ ಮಾಗಿದೆ ಎಂದು ನಾವು ತಿಳಿಯುವ ಕಾಲಕ್ಕೆ ಉರಿ ಮೊದಲಾಗುತ್ತದೆ.

1911ರಲ್ಲಿ ಲಂಡನ್ನಿನ ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ ಇಂಥ ರೋಗಿಗಳ ಸುದೀರ್ಘ ಅಧ್ಯಯನವೊಂದನ್ನು ಪ್ರಕಟಿಸಿದರು. ಹೆಡ್ ಅಪರೂಪದ ಮನುಷ್ಯ. ಸ್ಪರ್ಶಜ್ಞಾನ ಹೇಗೆ ಅಳಿದು ಹೇಗೆ ಮರಳುತ್ತದೆಂದು ತಿಳಿಯಲು 1903ರಲ್ಲಿ ತನ್ನದೇ ತೋಳಿನ ನರವನ್ನು ಕತ್ತರಿಸಿಕೊಂಡು, ವರ್ಷಗಟ್ಟಲೆ ತನ್ನನ್ನೇ ಪರೀಕ್ಷೆಗೆ ಒಡ್ಡಿಕೊಂಡವನು. ರೋಗಿಯ ಮಾತನ್ನು ಪುರಾವೆಯೆಂದೇ ಎಣಿಸಿದವನು. ಅವರು ಕಂಡ ರೋಗಿಗಳಲ್ಲಿ ಒಬ್ಬಾತ ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದನಂತೆ. ಅಲ್ಲಿ ಹಾಡುವ ಸ್ತೋತ್ರಗೀತೆಗಳು ತನ್ನ ರೋಗಪೀಡಿತ ಪಕ್ಕವನ್ನು ತಡೆಯಲಾರದಷ್ಟು ಕಾಡುತ್ತವೆ ಎಂಬುದು ಅವನ ದೂರು. ಈ ವಿವರವನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನೂರು ವರ್ಷಗಳಿಗೂ ಹಿಂದೆ ಲಂಡನ್ನಿನ ವೈದ್ಯರು ಗಂಭೀರವಾಗಿ ಬರೆದಿಟ್ಟುಕೊಂಡ ಮಾತನ್ನೇ ಅವ್ವ ಢೋಲ್-ತಾಶಾದ ಸಂಜೆ ನಮಗೆ ಹೇಳಿದ್ದರು. ನಾವು ಕಿಟಕಿ ಮುಚ್ಚಿ, ಟೀವಿ ಹಚ್ಚಿ, ಮರೆತಿದ್ದೆವು.

ಇನ್ನು ಬೆಂಗಳೂರಿನ ಕತೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಎಂದರೆ ಕನ್ನಡಿಗರ ಬಾಯಲ್ಲಿ ಇಂದಿಗೂ ಒಂದು ಗೇಲಿಯ ಮಾತು; ಸ್ನೇಹಿತರು ಜಗಳವಾಡಿದರೆ ಒಬ್ಬರನ್ನೊಬ್ಬರು ಅಲ್ಲಿಗೆ ಸೇರಿಸುವ ಮಾತಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆಯೊಂದು ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಗಿ, ಅದರ ಮಗ್ಗುಲಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿ, 1974ರ ಡಿಸೆಂಬರ್ 27ರಂದು ಎರಡೂ ಕೂಡಿ ನಿಮ್ಹಾನ್ಸ್ ಆದದ್ದು ಅದರ ಸಂಕ್ಷಿಪ್ತ ವಂಶಾವಳಿ. ಆ ಮಾನಸಿಕ ಆಸ್ಪತ್ರೆಯನ್ನು ನಡೆಸಿ, ಮುಂದೆ ಹೊಸ ಸಂಸ್ಥೆಯ ಮೊದಲ ನಿರ್ದೇಶಕರೂ ಆದವರು ಡಾ. ಎಂ. ವಿ. ಗೋವಿಂದಸ್ವಾಮಿ. 1944ರಲ್ಲಿ ಅವರೂ ಶಸ್ತ್ರವೈದ್ಯ ಬಾಲಕೃಷ್ಣ ರಾಯರೂ ಕೂಡಿ, ಭಾರತೀಯ ರೋಗಿಗಳ ಮೇಲೆ ನಡೆಸಿದ ಲ್ಯೂಕಾಟಮಿ ಶಸ್ತ್ರಚಿಕಿತ್ಸೆಯ ವರದಿಯನ್ನು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಲ್ಯೂಕಾಟಮಿಗೂ ಥಲಾಮಸ್ಸಿಗೂ ಏನು ಸಂಬಂಧ? ಸಂಬಂಧ ನೇರವಾದದ್ದು. 1935ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಆರಂಭಿಸಿದ ಈ ಚಿಕಿತ್ಸೆಯಲ್ಲಿ ಮಿದುಳಿನ ಮುಂಭಾಗದ ಬಿಳಿಯ ತಂತುಗಳನ್ನು ಕತ್ತರಿಸುತ್ತಿದ್ದರು. ಹಣೆಯ ಹಿಂದಿನ ಮಿದುಳು ಯೋಚಿಸುತ್ತದೆ, ಥಲಾಮಸ್ ಆ ಯೋಚನೆಗೆ ಭಾವನೆಯ ಕಾವು ಕೊಡುತ್ತದೆ, ಇವೆರಡರ ನಡುವಣ ದಾರಿ ಕಡಿದರೆ ಕಾಡುವ ಯೋಚನೆ ಇದ್ದರೂ ಅದರ ಕಾಟ ಇಲ್ಲವಾಗುತ್ತದೆ ಎಂಬುದು ಅಂದಿನ ವೈದ್ಯರ ನಂಬಿಕೆ. ಮಾನಸಿಕ ರೋಗಕ್ಕೆ ಪರಿಣಾಮಕಾರಿ ಮದ್ದೇ ಇಲ್ಲದ ಕಾಲವದು. ಆಸ್ಪತ್ರೆಗಳು ಕಿಕ್ಕಿರಿದಿದ್ದವು. ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಆದರೆ ಕಾಟದ ಜೊತೆಗೆ ಮನುಷ್ಯನ ಉತ್ಸಾಹ, ಮಮತೆ, ಮುಂದಾಲೋಚನೆಗಳೂ ಕಡಿದುಹೋಗುತ್ತವೆ ಎಂಬುದು ಕ್ರಮೇಣ ತಿಳಿಯಿತು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಮಾತ್ರೆ ಬಂದ ಮೇಲೆ ಆ ಕತ್ತಿ ಒರೆ ಸೇರಿತು. ಗೋವಿಂದಸ್ವಾಮಿಯವರನ್ನು ಇಂದಿನ ತಿಳಿವಳಿಕೆಯ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಲೋಕವೆಲ್ಲ ಒಪ್ಪಿದ್ದನ್ನು ಅವರೂ ಒಪ್ಪಿದ್ದರು. ಆದರೂ ಒಂದು ಮಾತು ಉಳಿಯುತ್ತದೆ. ಯಾರ ತಂತುಗಳು ಕಡಿಯಲ್ಪಟ್ಟವೋ ಅವರ ಮಾತು ನಮ್ಮವರೆಗೆ ಬಂದಿಲ್ಲ.

ಈ ಒರಟುತನದಿಂದ ಬೇಸತ್ತವರೇ ಮುಂದಿನ ಹೆಜ್ಜೆ ಇಟ್ಟರು. 1947ರಲ್ಲಿ ಫಿಲಡೆಲ್ಫಿಯಾದ ಸ್ಪೀಗೆಲ್ ಮತ್ತು ವೈಸಿಸ್, ತಲೆಗೆ ಬಿಗಿಯುವ ಚೌಕಟ್ಟೊಂದನ್ನು ರಚಿಸಿ, ಭೂಪಟದಲ್ಲಿ ಅಕ್ಷಾಂಶ ರೇಖಾಂಶಗಳಿಂದ ಊರನ್ನು ಗುರುತಿಸುವಂತೆ ಮಿದುಳಿನ ಆಳದ ಬಿಂದುವೊಂದನ್ನು ಗುರುತಿಸಿ, ಅಷ್ಟಕ್ಕೆ ಮಾತ್ರ ಸೂಜಿ ತಲುಪಿಸುವ ವಿಧಾನವನ್ನು ಮನುಷ್ಯರಲ್ಲಿ ಮೊದಲ ಬಾರಿಗೆ ಬಳಸಿದರು. ಲ್ಯೂಕಾಟಮಿಯ ಬದಲು ಥಲಾಮಸ್ಸಿನ ಒಂದು ಸಣ್ಣ ಭಾಗವನ್ನಷ್ಟೇ ಸುಡುವುದು ಅವರ ಮೊದಲ ಉದ್ದೇಶವಾಗಿತ್ತು. ಸ್ಟೀರಿಯೊಟ್ಯಾಕ್ಸಿ ಎಂಬ ಈ ವಿಧಾನ ಬಹುಬೇಗ ಬೇರೊಂದು ರೋಗದ ಕಡೆ ತಿರುಗಿತು. ಅದು, 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ, ನಮ್ಮ ಆಯುರ್ವೇದ 'ಕಂಪವಾತ' ಎನ್ನುವ ನಡುಕದ ರೋಗ. ಥಲಾಮಸ್ಸಿನ ಹೊರಬದಿಯ ಕೆಳಭಾಗದಲ್ಲಿ, ಚಲನೆಯ ಟಪಾಲು ಹಾಯುವ ಜಾಗದಲ್ಲಿ, ಕೆಲವೇ ಮಿಲಿಮೀಟರ್ ಅಗಲದ ಗಾಯ ಮಾಡಿದರೆ ಎದುರು ಪಕ್ಕದ ಕೈಯ ನಡುಕ ನಿಲ್ಲುತ್ತದೆ ಎಂಬುದು 1950ರ ದಶಕದಲ್ಲಿ ಖಚಿತವಾಯಿತು.

ಭಾರತದಲ್ಲಿ ನರಶಸ್ತ್ರಚಿಕಿತ್ಸೆ ಆಗಿನ್ನೂ ಕೂಸು. 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿ, ಮರುವರ್ಷ ಮದರಾಸಿನಲ್ಲಿ ಬಿ. ರಾಮಮೂರ್ತಿ ಅದಕ್ಕೆ ಅಡಿಗಲ್ಲು ಹಾಕಿದರು. ಮದರಾಸಿನಲ್ಲಿ ರಾಮಮೂರ್ತಿ, ಬಾಲಸುಬ್ರಮಣ್ಯಂ ಮತ್ತು ಏಷ್ಯಾದ ಮೊದಲ ಮಹಿಳಾ ನರಶಸ್ತ್ರವೈದ್ಯರಲ್ಲಿ ಒಬ್ಬರಾದ ಟಿ. ಎಸ್. ಕನಕಾ ಸ್ಟೀರಿಯೊಟ್ಯಾಕ್ಸಿಯನ್ನು ಬೆಳೆಸಿದರು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಡಾ. ಆರ್. ಎಂ. ವರ್ಮ. ಕೇರಳದಿಂದ ಬಂದು ನಮ್ಮಲ್ಲಿ ನೆಲೆಸಿದ ಇವರು ಮುಂದೆ ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕರಾದರು. ದುಬಾರಿ ಚೌಕಟ್ಟು, ತಲೆಬುರುಡೆ ಕೊರೆಯುವ ಸಲಕರಣೆ, ಪೂರ್ಣ ಅರಿವಳಿಕೆಯ ಅನುಕೂಲ ಎಲ್ಲ ಕಡೆಯೂ ಸಿಗದ ದೇಶಕ್ಕೆ ಅವರು ಸರಳ ದಾರಿಯೊಂದನ್ನು ಹುಡುಕಿದರು. ನಮ್ಮ ತಲೆಬುರುಡೆಯ ತಳದಲ್ಲಿ, ದವಡೆಯ ನರ ಹೊರಬರಲು ನಿಸರ್ಗವೇ ಬಿಟ್ಟ 'ಫೋರಾಮೆನ್ ಓವೇಲ್' ಎಂಬ ಅಂಡಾಕಾರದ ಕಿಂಡಿ ಇದೆ. ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಆ ಕಿಂಡಿಯ ಮೂಲಕ ಮಿದುಳಿನ ಆಳಕ್ಕೆ ಸೂಜಿ ಹಾಯಿಸಿ ಪಾರ್ಕಿನ್ಸನ್ ರೋಗಕ್ಕೆ ಚಿಕಿತ್ಸೆ ಮಾಡುವ ಅವರ ಕ್ರಮಕ್ಕೆ 'ವರ್ಮ ವಿಧಾನ' ಎಂದೇ ಹೆಸರಾಯಿತು. ಗೋಡೆ ಒಡೆಯುವ ಬದಲು ಮನೆಯಲ್ಲಿ ಮೊದಲೇ ಇದ್ದ ಕಿಂಡಿಯನ್ನು ಕಂಡುಕೊಂಡ ಜಾಣತನವದು.

ಆದರೆ ವೈದ್ಯಶಾಸ್ತ್ರದಲ್ಲಿ ಯಾವ ಗೆಲುವೂ ಬಹುದಿನ ನಿಲ್ಲುವುದಿಲ್ಲ. 1967ರಲ್ಲಿ ಅಮೆರಿಕದ ಜಾರ್ಜ್ ಕಾಟ್ಜಿಯಸ್ ಹೆಚ್ಚಿನ ಪ್ರಮಾಣದ ಡೋಪಾ ಔಷಧದಿಂದ ಪಾರ್ಕಿನ್ಸನ್ ರೋಗಿಗಳು ಎದ್ದು ನಡೆಯಬಲ್ಲರೆಂದು ತೋರಿಸಿದ ಮೇಲೆ, ಥಲಾಮಸ್ ಸುಡುವ ಶಸ್ತ್ರಚಿಕಿತ್ಸೆ ಬಹುಮಟ್ಟಿಗೆ ಮೂಲೆಗುಂಪಾಯಿತು. ಲೆವೊಡೋಪಾ ಎಂಬ ಅದೇ ರಾಸಾಯನಿಕವನ್ನು ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಿಂದ 1937ರಲ್ಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದ್ದರು. ಮೈಗೆ ತಾಕಿದರೆ ತುರಿಸಿ ತುರಿಸಿ ಸಾಯುವ ಆ ಬಳ್ಳಿಯ ಹೊಟ್ಟೆಯಲ್ಲಿ ನಡುಕದ ಮದ್ದಿತ್ತು. ಆದರೆ ಮಾತ್ರೆಗೂ ಮಿತಿಯಿದೆ. ವರ್ಷಗಳು ಕಳೆದಂತೆ ಅದರ ಪರಿಣಾಮ ಏರಿಳಿಯುತ್ತದೆ, ಮೈ ತಾನೇ ತಾನಾಗಿ ತಿರುಚಿಕೊಳ್ಳುತ್ತದೆ. ಶಸ್ತ್ರವೈದ್ಯರು ಮತ್ತೆ ನಡುಮನೆಯ ಬಾಗಿಲಿಗೆ ಬಂದರು.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಾಬಿದ್ ನಡುಕದ ರೋಗಿಯೊಬ್ಬರ ಥಲಾಮಸ್ಸನ್ನು ಸುಡುವ ಮುನ್ನ, ಜಾಗ ಸರಿಯೇ ಎಂದು ವಿದ್ಯುತ್ತಿನಿಂದ ಪರೀಕ್ಷಿಸುತ್ತಿದ್ದರು. ಸೆಕೆಂಡಿಗೆ ಸುಮಾರು ನೂರು ಬಾರಿ ಮಿಡಿಯುವ ವಿದ್ಯುತ್ತು ಹರಿಸಿದಾಗ ನಡುಕ ನಿಂತಿತು, ನಿಲ್ಲಿಸಿದಾಗ ಮರಳಿತು. ಹಾಗಿದ್ದರೆ ಸುಡುವುದೇಕೆ? ತಂತಿಯನ್ನು ಅಲ್ಲೇ ಬಿಟ್ಟು, ಎದೆಯ ಚರ್ಮದಡಿ ಬ್ಯಾಟರಿ ಹುದುಗಿಸಿದರೆ ಆಯಿತಲ್ಲ? ಇಂದು 'ಡೀಪ್ ಬ್ರೈನ್ ಸ್ಟಿಮ್ಯುಲೇಶನ್' ಎಂದು ಪುಣೆ, ಬೆಂಗಳೂರು, ಮುಂಬಯಿಗಳಲ್ಲೂ ನಡೆಯುವ ಚಿಕಿತ್ಸೆ ಬೆಳೆದು ಬಂದ ಬಗೆಯಿದು. ಸುಟ್ಟದ್ದನ್ನು ಮರಳಿ ಪಡೆಯಲಾಗದು, ವಿದ್ಯುತ್ತನ್ನು ಏರಿಸಬಹುದು, ಇಳಿಸಬಹುದು, ನಿಲ್ಲಿಸಲೂಬಹುದು. 1997ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ನಡುಕಕ್ಕಾಗಿ ಥಲಾಮಸ್ಸಿನ ಈ ಚಿಕಿತ್ಸೆಯನ್ನು ಒಪ್ಪಿದರು. ಮಾತ್ರೆಗೆ ಬಗ್ಗದ ಮೂರ್ಛೆರೋಗಕ್ಕೆ ಥಲಾಮಸ್ಸಿನ ಮುಂಭಾಗವನ್ನು ಪ್ರಚೋದಿಸುವ ಕ್ರಮ 2018ರಲ್ಲಿ ಅಲ್ಲಿ ಒಪ್ಪಿಗೆ ಪಡೆಯಿತು. ಹಲ್ಲೆಯಲ್ಲಿ ತಲೆಗೆ ಪೆಟ್ಟಾದ ನಂತರ ವರ್ಷಗಳ ಕಾಲ ಅರೆಪ್ರಜ್ಞೆಯಲ್ಲಿದ್ದ ಒಬ್ಬ ವ್ಯಕ್ತಿ, ಥಲಾಮಸ್ ಪ್ರಚೋದನೆಯಿಂದ ಮಾತಿಗೆ ಸ್ಪಂದಿಸಿ, ಬಾಯಿಂದ ಊಟ ಮಾಡುವಂತಾದ ವರದಿ 2007ರಲ್ಲಿ ಪ್ರಕಟವಾಯಿತು. ಒಬ್ಬರಿಗೆ ಒದಗಿದ್ದು ಎಲ್ಲರಿಗೂ ಒದಗುವುದಿಲ್ಲ. ಆದರೂ ಎಚ್ಚರವೆಂಬುದರ ಕೀಲಿಯೂ ಈ ನಡುಮನೆಯಲ್ಲಿದೆ ಎಂಬುದಕ್ಕೆ ಅದು ಸಾಕ್ಷಿ.

2017ರ ಜುಲೈನಲ್ಲಿ ಬೆಂಗಳೂರು ಮತ್ತೆ ಸುದ್ದಿಯಾಯಿತು. ಗಿಟಾರ್ ನುಡಿಸುವಾಗ ಮಾತ್ರ ಎಡಗೈಯ ಬೆರಳುಗಳು ಸೆಟೆದುಕೊಳ್ಳುವ ರೋಗವಿದ್ದ ತರುಣನೊಬ್ಬನ ಥಲಾಮಸ್ಸಿಗೆ ನಗರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಬೇರೆ ಸಮಯದಲ್ಲಿ ಆ ಬೆರಳುಗಳು ಸರಿಯಾಗಿಯೇ ಇರುತ್ತಿದ್ದವು. ಆದ್ದರಿಂದ ರೋಗ ಎಲ್ಲಿದೆ ಎಂದು ತಿಳಿಯಬೇಕಾದರೆ ಅವನು ನುಡಿಸುತ್ತಲೇ ಇರಬೇಕು. ತಲೆಗೆ ಚೌಕಟ್ಟು ಬಿಗಿದು, ಎಚ್ಚರವಾಗಿಯೇ ಮಲಗಿ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅವನು ಗಿಟಾರ್ ಮಿಡಿದ. ವೈದ್ಯರು ಒಂದೊಂದೇ ಬಿಂದುವನ್ನು ಸುಡುತ್ತಾ ಹೋದಂತೆ ಬೆರಳುಗಳು ಸಡಿಲಾದವು. ಪತ್ರಿಕೆಗಳು ಇದನ್ನು ಪವಾಡವೆಂಬಂತೆ ಅಚ್ಚುಹಾಕಿದವು. ನಮಗೆ ಕಂಡದ್ದು ಬೇರೆ. ಎಪ್ಪತ್ತಮೂರು ವರ್ಷಗಳ ಹಿಂದೆ ಅದೇ ಊರಿನಿಂದ ಲ್ಯಾನ್ಸೆಟ್ಟಿಗೆ ಹೋದ ವರದಿಯ ರೋಗಿಗಳು ನಮಗೆ ಏನನ್ನೂ ಹೇಳಲಿಲ್ಲ. ಈ ತರುಣನಾದರೋ ಎಲ್ಲಿ ಸುಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತನ್ನ ಬೆರಳುಗಳಿಂದ ವೈದ್ಯರಿಗೆ ತಾನೇ ತೋರಿಸುತ್ತಿದ್ದ. ಚೌಕಟ್ಟು, ತಂತಿ, ಬ್ಯಾಟರಿಗಳ ಜೊತೆಗೆ ಈ ಬದಲಾವಣೆಯನ್ನೂ ಚರಿತ್ರೆ ಗಣನೆಗೆ ತೆಗೆದುಕೊಳ್ಳಬೇಕು.

ಕಳೆದ ವರ್ಷ ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯವನ್ನು ನೋಡಿ ಬಂದೆವು. ಸಾಮಾನ್ಯರಿಗೂ ಅಲ್ಲಿ ಪ್ರವೇಶವಿದೆ. ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಕುಟುಂಬದವರು ದಾನವಾಗಿ ಕೊಟ್ಟ ಮಿದುಳುಗಳವು. ಅಡ್ಡಲಾಗಿ ಸೀಳಿದ ಒಂದು ಹೋಳಿನ ನಡುವೆ ಥಲಾಮಸ್ಸನ್ನು ತೋರಿಸಿದಾಗ, ಇಷ್ಟು ಸಣ್ಣದರಲ್ಲಿ ಹೆಸರುಕಾಳಿನಷ್ಟು ಜಾಗ ಕೆಟ್ಟದ್ದಕ್ಕೆ ನಮ್ಮ ಮನೆ ಒಂದು ವರ್ಷ ಉರಿಯಿತಲ್ಲ ಎನಿಸಿತು.

ಅವ್ವನಿಗೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಈ ಬಗೆಯ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ನಾಟುವುದಿಲ್ಲ. ಖಿನ್ನತೆಗೂ ಮೂರ್ಛೆರೋಗಕ್ಕೂ ಬಳಸುವ ಕೆಲವು ಔಷಧಗಳನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಖಿನ್ನತೆಯ ಮಾತ್ರೆಯೆಂದು ಔಷಧದಂಗಡಿಯವರು ಹೇಳಿದಾಗ ಅವ್ವನ ಮುಖ ಬಾಡಿತ್ತು, ಮತ್ತೆ ಮನಸ್ಸಿನ ಮೇಲೆಯೇ ಹೊರಿಸಿದರು ಎಂದು. ನರತಜ್ಞರು ಅವರನ್ನು ಎದುರು ಕೂರಿಸಿಕೊಂಡು, ನಮ್ಮಿಂದ ಕನ್ನಡದಲ್ಲಿ ಹೇಳಿಸಿ, ಇದು ನರದ ಉರಿಗೇ ಕೊಡುವ ಮದ್ದೆಂದು ತಿಳಿಸಿದರು. ಉರಿ ಹೋಗಿಲ್ಲ, ಅರ್ಧಕ್ಕೆ ಇಳಿದಿದೆ. ರಾತ್ರಿ ನಿದ್ದೆ ಬರುತ್ತದೆ.

ಪರಭಾಷೆಯ ಊರಿನಲ್ಲಿ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ನಮ್ಮಂಥವರು ನಿಜಕ್ಕೂ ಅವರ ಥಲಾಮಸ್ಸೇ ಆಗಿರುತ್ತೇವೆ. ಉರಿ, ಜೋಮು, ಸೆಳೆತ, ಚುಚ್ಚು, ಮರಗಟ್ಟುವಿಕೆ ಎಂದು ಅವರು ಹತ್ತು ಬಗೆಯಾಗಿ ಹೇಳಿದ್ದನ್ನು ನಾವು 'ಪೇನ್' ಎಂಬ ಒಂದೇ ಮುದ್ರೆಯೊತ್ತಿ ಮುಂದಕ್ಕೆ ಕಳಿಸುತ್ತೇವೆ. ಅವ್ವನ ಮೊದಲ ವೈದ್ಯರ ತಪ್ಪಿನಲ್ಲಿ ನಮ್ಮ ಪಾಲೂ ಇತ್ತು. ತಣ್ಣೀರು ಕೆಂಡದಂತೆ ಸುಡುತ್ತದೆ ಎಂಬ ಮಾತನ್ನು ಅಂದು ನಾವು ಅನುವಾದಿಸಿರಲೇ ಇಲ್ಲ. ವಿಚಿತ್ರವಾಗಿ ಕೇಳಿಸೀತೆಂದು ಬಿಟ್ಟಿದ್ದೆವು. ರೋಗವನ್ನು ಗುರುತಿಸಬಲ್ಲ ಮಾತು ಅದೊಂದೇ ಆಗಿತ್ತು.

ಈ ವರ್ಷ ಗಣೇಶೋತ್ಸವದಲ್ಲಿ ಢೋಲಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸುತ್ತಲೇ ನಾವೇ ಎದ್ದು ಅವ್ವನನ್ನು ಒಳಗೆ ಕರೆದೊಯ್ದೆವು. "ಇನ್ನೂ ದೂರ ಅದ ಬಿಡ್ರೋ" ಎಂದರು ಅವರು. ಆದರೂ ಎದ್ದು ಬಂದರು.